ಠಾಣೆ ಖಾಡಿಯ ಎರಡು ದಡಗಳು: ಇಬ್ಬರು ಏಕಾಧಿಪತಿಗಳ ಮರಣಾನಂತರದ ರಾಜಕೀಯ ಮತ್ತು ಆರ್ಥಿಕ ಪಲ್ಲಟ (೧೬೫೬–೧೬೭೭)

೧

ಕಲ್ಯಾಣವೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡ ಸಾಹಿತ್ಯದ ಅಭ್ಯಾಸಿಯ ಮನಸ್ಸು ಬೀದರ ಸೀಮೆಯ ಕಲ್ಯಾಣದ ಕಡೆಗೆ, ಚಾಲುಕ್ಯರ ರಾಜಧಾನಿಯ ಕಡೆಗೆ, ಬಿಜ್ಜಳನ ಹಾಗೂ ಶರಣರ ಕಾಲದ ಕಡೆಗೆ ಹರಿಯುವುದು ಸಹಜ. ಮುಂಬಯಿಯ ನೆರೆಯಲ್ಲಿ, ಉಲ್ಹಾಸ್ ನದಿಯು ಖಾಡಿಯಾಗಿ ಅಗಲಗೊಳ್ಳುವಲ್ಲಿ, ಇನ್ನೊಂದು ಕಲ್ಯಾಣವಿದೆ. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕ ಕೃತಿಯಾದ ‘ಪೆರಿಪ್ಲಸ್’ ಇದನ್ನು ಬಂದರೆಂದು ಹೆಸರಿಸಿದೆ. ಕನ್ಹೇರಿಯ ಗುಹಾಶಾಸನಗಳಲ್ಲಿ ಕಲ್ಯಾಣದ ನಿವಾಸಿಗಳು ದಾನಿಗಳಾಗಿ ಕಾಣಿಸಿಕೊಳ್ಳುತ್ತಾರೆ. ಈ ಎರಡು ಕಲ್ಯಾಣಗಳನ್ನು ಒಂದೇ ಪುಟದಲ್ಲಿಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ಆದರೆ ೧೬೫೭ರ ಆರಂಭದಲ್ಲಿ ಇವೆರಡೂ ವಿಜಾಪುರದ ಆದಿಲ್‌ಶಾಹಿ ಅರಸರ ಅಧೀನದಲ್ಲಿದ್ದವು. ಅದೇ ವರ್ಷ, ಮೂರು ತಿಂಗಳ ಅವಧಿಯೊಳಗೆ, ಎರಡೂ ಅವರ ಕೈತಪ್ಪಿದವು. ಮೊದಲನೆಯದು ಮೊಗಲರ ವಶವಾಯಿತು. ಎರಡನೆಯದು ಶಿವಾಜಿಯ ವಶವಾಯಿತು. ಇವೆರಡಕ್ಕೂ ಹಿಂದಿದ್ದ ಘಟನೆ ಒಂದೇ: ೧೬೫೬ರ ನವೆಂಬರ್ ೪ರಂದು ಸಂಭವಿಸಿದ ಮುಹಮ್ಮದ್ ಆದಿಲ್‌ಶಾಹನ ಮರಣ.

ಏಕವ್ಯಕ್ತಿಯ ಆಳ್ವಿಕೆಯು ಆ ವ್ಯಕ್ತಿಯ ಮರಣದೊಂದಿಗೆ ಹೇಗೆ ಸಡಿಲಗೊಳ್ಳುತ್ತದೆ, ಆ ಸಡಿಲಿಕೆಯ ಲಾಭನಷ್ಟಗಳು ಯಾರ ಪಾಲಿಗೆ ಬರುತ್ತವೆ ಎಂಬ ಪ್ರಶ್ನೆಯನ್ನು ಠಾಣೆ ಖಾಡಿಯ ಸುತ್ತಲಿನ ಪ್ರದೇಶಕ್ಕೆ ಸೀಮಿತಗೊಳಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂದಿನ ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಗಳನ್ನು ಒಳಗೊಂಡ ಈ ನೆಲ ಹದಿನೇಳನೆಯ ಶತಮಾನದಲ್ಲಿ ಎರಡು ಏಕಾಧಿಪತ್ಯಗಳ ಅವಸಾನದ ಪರಿಣಾಮಗಳನ್ನು ಅನುಭವಿಸಿತು. ಒಂದು ವಿಜಾಪುರದ ಸುಲ್ತಾನನದು. ಮತ್ತೊಂದು, ೧೬೫೮ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಆಲಿವರ್ ಕ್ರಾಮ್ವೆಲ್ಲನದು. ಮೊದಲನೆಯ ಮರಣ ಖಾಡಿಯ ಮೂಡಣ ದಡದ ಗತಿಯನ್ನು ಬದಲಿಸಿತು. ಎರಡನೆಯದು ಪಡುವಣ ದಡದ ಆಚೆಗಿನ ಒಂದು ಪುಟ್ಟ ದ್ವೀಪದ ಗತಿಯನ್ನು.

ಇಲ್ಲಿ ಒಂದು ಸ್ಪಷ್ಟೀಕರಣ ಅವಶ್ಯಕ. ‘ಸರ್ವಾಧಿಕಾರಿ’ ಎಂಬುದು ನಾವು ಇಪ್ಪತ್ತನೆಯ ಶತಮಾನದಲ್ಲಿ ಬಳಕೆಗೆ ತಂದುಕೊಂಡ ಅರ್ಥವುಳ್ಳ ಪದ. ಸೈನ್ಯಬಲದಿಂದ ಪಾರ್ಲಿಮೆಂಟನ್ನು ಚದುರಿಸಿ ೧೬೫೩ರಲ್ಲಿ ‘ಲಾರ್ಡ್ ಪ್ರೊಟೆಕ್ಟರ್’ ಆದ ಕ್ರಾಮ್ವೆಲ್ಲನಿಗೆ ಆ ಪದ ಹೊಂದುತ್ತದೆ. ಪರಂಪರೆಯಿಂದ ಸಿಂಹಾಸನವೇರಿದ ಆದಿಲ್‌ಶಾಹನಿಗೆ ಅದು ಹೊಂದುವುದಿಲ್ಲ. ಆದರೂ ಅಧಿಕಾರದ ಎಲ್ಲ ಎಳೆಗಳನ್ನು ಒಬ್ಬ ವ್ಯಕ್ತಿಯ ಮುಷ್ಟಿಯಲ್ಲಿ ಕೂಡಿಸಿದ ವ್ಯವಸ್ಥೆ ಎಂಬ ಅರ್ಥದಲ್ಲಿ ಇಬ್ಬರನ್ನೂ ‘ಏಕಾಧಿಪತಿ’ ಎಂದು ಕರೆಯುವುದರಿಂದ ಹೋಲಿಕೆಗೆ ಅನುಕೂಲವಾಗುತ್ತದೆಂದು ನಾವು ಭಾವಿಸಿದ್ದೇವೆ.

೨

ಕೊಂಕಣದ ಕಲ್ಯಾಣ ವಿಜಾಪುರದ ಸ್ವತ್ತಾದುದು ೧೬೩೬ರಲ್ಲಿ. ಅದಕ್ಕೆ ಮುನ್ನ ಅದು ಅಹಮದ್‌ನಗರದ ನಿಜಾಮಶಾಹಿಗೆ ಸೇರಿತ್ತು. ಆ ವರ್ಷ ಶಾಹಜಹಾನನೂ ಮುಹಮ್ಮದ್ ಆದಿಲ್‌ಶಾಹನೂ ಒಪ್ಪಂದ ಮಾಡಿಕೊಂಡು ನಿಜಾಮಶಾಹಿಯನ್ನು ಹಂಚಿಕೊಂಡರು. ಉತ್ತರ ಕೊಂಕಣದ ಕಲ್ಯಾಣ–ಭಿವಂಡಿ ಪ್ರದೇಶ, ಪುಣೆ ಮತ್ತು ಚಾಕಣ ಸೀಮೆಗಳು ವಿಜಾಪುರದ ಪಾಲಿಗೆ ಬಂದವು. ನಿಜಾಮಶಾಹಿಯ ಹೆಸರಿನಲ್ಲಿ ಕೊನೆಯವರೆಗೂ ಹೋರಾಡಿದ ಶಹಾಜಿ ಭೋಸಲೆ, ಇಂದಿನ ಠಾಣೆ ಜಿಲ್ಲೆಯ ಶಹಾಪುರದ ಬಳಿಯಿರುವ ಮಾಹುಲಿ ಕೋಟೆಯಲ್ಲಿ ಅದೇ ವರ್ಷ ಶರಣಾಗಿ ವಿಜಾಪುರದ ಸೇವೆಗೆ ಸೇರಿದನು.

ಕರ್ನಾಟಕದ ಇತಿಹಾಸಕ್ಕೆ ಈ ಶರಣಾಗತಿ ದೂರದ ಸಂಗತಿಯಲ್ಲ. ಮಾಹುಲಿಯಿಂದ ಇಳಿದುಬಂದ ಶಹಾಜಿಯನ್ನು ಸುಲ್ತಾನನು ರಣದುಲ್ಲಾಖಾನನೊಂದಿಗೆ ದಕ್ಷಿಣಕ್ಕೆ ಕಳುಹಿದನು. ೧೬೩೮ರಲ್ಲಿ ಕೆಂಪೇಗೌಡರ ಮನೆತನದಿಂದ ಬೆಂಗಳೂರು ವಿಜಾಪುರದ ವಶವಾಗಿ ಶಹಾಜಿಯ ಜಹಗೀರಾಯಿತು. ಅದಕ್ಕೆ ಮುನ್ನ ಇಕ್ಕೇರಿಯ ವೀರಭದ್ರನಾಯಕನ ಮೇಲೆ ದಂಡಯಾತ್ರೆ ನಡೆದಿತ್ತು. ೧೬೩೯ರಲ್ಲಿ ಶ್ರೀರಂಗಪಟ್ಟಣದ ಮುಂದೆ ರಣದುಲ್ಲಾಖಾನನು ಹಿಮ್ಮೆಟ್ಟಬೇಕಾಯಿತು. ಈ ಪ್ರಸಂಗವನ್ನು ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ (೧೬೪೮) ಸಾಂಗತ್ಯದಲ್ಲಿ ವಿಸ್ತಾರವಾಗಿ ನಿರೂಪಿಸಿದೆ. ಲಿಂಗಣ್ಣನ ‘ಕೆಳದಿನೃಪವಿಜಯ’ದಲ್ಲಿಯೂ ವಿಜಾಪುರದ ದಂಡುಗಳ ವೃತ್ತಾಂತ ಬರುತ್ತದೆ. ಬೆಂಗಳೂರಿನ ಶಹಾಜಿಯ ಆಸ್ಥಾನದಲ್ಲಿ ಜಯರಾಮ ಪಿಂಡ್ಯೆ ರಚಿಸಿದ ‘ರಾಧಾಮಾಧವ ವಿಲಾಸ ಚಂಪೂ’ ಹಲವು ಭಾಷೆಗಳ ಕವಿಗಳು ಅಲ್ಲಿ ಕೂಡುತ್ತಿದ್ದುದನ್ನು ತೋರಿಸುತ್ತದೆ. ಮಧ್ಯಕಾಲೀನ ಕಾವ್ಯವನ್ನು ಓದುವವರು ಈ ದಂಡಯಾತ್ರೆಗಳನ್ನು ವೀರರಸದ ನೆಲೆಯಲ್ಲಿ ಓದುತ್ತಾರೆ. ಅವುಗಳ ಹಿಂದಿದ್ದ ಆರ್ಥಿಕ ತರ್ಕವನ್ನೂ ನಾವು ಗಮನಿಸಬೇಕು. ಉತ್ತರದಲ್ಲಿ ಮೊಗಲರೊಂದಿಗೆ ಗಡಿ ಸ್ಥಿರಗೊಂಡ ಮೇಲೆ ವಿಜಾಪುರಕ್ಕೆ ಬೆಳೆಯಲು ಉಳಿದದ್ದು ದಕ್ಷಿಣ ದಿಕ್ಕು ಮಾತ್ರ. ಸರದಾರರಿಗೆ ಹೊಸ ಜಹಗೀರು, ಬೊಕ್ಕಸಕ್ಕೆ ಹೊಸ ಕಪ್ಪ ದೊರೆಯುತ್ತಿದ್ದುದು ಕನ್ನಡ–ತಮಿಳು ನಾಡುಗಳಿಂದ. ೧೬೪೮ರ ಕೊನೆಗೆ ಜಿಂಜಿ ಬೀಳುವ ಹೊತ್ತಿಗೆ ರಾಜ್ಯ ತನ್ನ ಗರಿಷ್ಠ ವಿಸ್ತಾರವನ್ನು ಮುಟ್ಟಿತ್ತು. ಗೋಳಗುಮ್ಮಟದ ಗಾತ್ರವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು.

ಇಂಥ ರಾಜ್ಯವನ್ನು ಕೂಡಿಸಿ ಹಿಡಿದಿದ್ದ ಸೂತ್ರ ಯಾವುದು? ದೊಡ್ಡ ಸರದಾರನಿಗೆ ಒಂದು ಪ್ರಾಂತದ ಉತ್ಪನ್ನವನ್ನು ಜಹಗೀರಾಗಿ ಬಿಟ್ಟುಕೊಟ್ಟು, ಪ್ರತಿಯಾಗಿ ಅವನ ಸೈನ್ಯಸೇವೆಯನ್ನು ಪಡೆಯುವ ಏರ್ಪಾಡು ಅದು. ಜಹಗೀರು ದೂರದಲ್ಲಿ, ಜಹಗೀರುದಾರನ ಭವಿಷ್ಯ ರಾಜಧಾನಿಯಲ್ಲಿ. ಸುಲ್ತಾನನ ಪ್ರಸನ್ನತೆಯೇ ಅವನ ಹಕ್ಕಿನ ಆಧಾರ. ಕಲ್ಯಾಣ ಪ್ರಾಂತವು ಮುಲ್ಲಾ ಅಹಮದನೆಂಬ ಪ್ರತಿಷ್ಠಿತ ಸರದಾರನ ಆಡಳಿತದಲ್ಲಿತ್ತು. ಇವನು ಅರಬ್ ಮೂಲದ ನವಾಯತರವನು. ನಮ್ಮ ಭಟ್ಕಳದ ನವಾಯತರಿಂದಾಗಿ ಈ ಹೆಸರು ಕನ್ನಡಿಗರಿಗೆ ಪರಿಚಿತವೇ ಆಗಿದೆ. ನಾಣೇಘಾಟಿನ ಮೂಲಕ ಜುನ್ನರಿನಿಂದ ಇಳಿದುಬರುವ ಸರಕು, ಸುತ್ತಲಿನ ಬತ್ತ, ಘಟ್ಟದ ತೇಗ, ಖಾಡಿಯ ಹಡಗುಗಳು, ಇವೆಲ್ಲದರ ಮೇಲಿನ ಸುಂಕ ಕಲ್ಯಾಣದ ಸಂಪತ್ತು. ಅದನ್ನು ಅನುಭವಿಸುವವನು ಇರಬೇಕಾದುದು ಮಾತ್ರ ವಿಜಾಪುರದ ದರಬಾರಿನಲ್ಲಿ.

೩

ಮುಹಮ್ಮದ್ ಆದಿಲ್‌ಶಾಹನು ಒಮ್ಮೆಲೇ ತೀರಿಕೊಂಡವನಲ್ಲ. ೧೬೪೬ರಿಂದಲೂ ಅವನು ಕಾಯಿಲೆಯಿಂದ ನರಳುತ್ತಿದ್ದನು. ಹತ್ತು ವರ್ಷಗಳ ಈ ಅಸ್ವಸ್ಥತೆಯಲ್ಲಿ ಆಡಳಿತದ ಹೊಣೆ ರಾಣಿ ಬಡೀಸಾಹೇಬಾ ಮತ್ತು ಪ್ರಮುಖ ಸರದಾರರ ಕೈಗೆ ಜಾರಿತು. ಅವನು ಸತ್ತ ಕೂಡಲೇ ವಜೀರ ಖಾನ್ ಮುಹಮ್ಮದ್ ಮತ್ತು ರಾಣಿ ಸೇರಿ ಹದಿನೆಂಟರ ಹರೆಯದ ಎರಡನೆಯ ಅಲಿಯನ್ನು ಸಿಂಹಾಸನದ ಮೇಲೆ ಕೂರಿಸಿದರು. ಅಲಿ ಮೃತ ಸುಲ್ತಾನನ ಮಗನೇ ಅಲ್ಲವೆಂಬ ಆಕ್ಷೇಪವನ್ನು ಮೊಗಲರು ಎತ್ತಿದರು. ದಖ್ಖನದ ಸುಭೇದಾರನಾಗಿದ್ದ ಔರಂಗಜೇಬನಿಗೆ ಅದೇ ತಿಂಗಳ ಕೊನೆಗೆ ಶಾಹಜಹಾನನ ಅನುಮತಿ ದೊರೆಯಿತು. ೧೬೫೭ರ ಮಾರ್ಚ್ ಕೊನೆಯಲ್ಲಿ ಬೀದರ ಬಿದ್ದಿತು. ಆಗಸ್ಟ್ ಆರಂಭದಲ್ಲಿ ಬಸವಕಲ್ಯಾಣ ಮೊಗಲರ ವಶವಾಯಿತು. ಬಳಿಕ ನಡೆದ ಒಪ್ಪಂದದಲ್ಲಿ ಬೀದರ, ಕಲ್ಯಾಣ ಮತ್ತು ಪರಾಂಡಗಳ ಜೊತೆಗೆ ನಿಜಾಮಶಾಹಿ ಕೊಂಕಣದ ಕೋಟೆಗಳನ್ನೂ ಬಿಟ್ಟುಕೊಡಲು ವಿಜಾಪುರ ಒಪ್ಪಬೇಕಾಯಿತು. ಒಂದೂವರೆ ಕೋಟಿ ರೂಪಾಯಿಗಳ ಕಾಣಿಕೆಯೂ ನಿಗದಿಯಾಗಿ, ಅದರಲ್ಲಿ ಅರ್ಧ ಕೋಟಿಯನ್ನು ಶಾಹಜಹಾನನು ಅನಂತರ ಬಿಟ್ಟುಕೊಟ್ಟನು.

ಒಪ್ಪಂದ ಕಾಗದದ ಮೇಲಿತ್ತು. ಅದನ್ನು ಜಾರಿಗೊಳಿಸುವ ಮೊದಲೇ ಮತ್ತೊಬ್ಬ ಏಕಾಧಿಪತಿಯ ಕಾಯಿಲೆ ಅಡ್ಡಬಂದಿತು. ೧೬೫೭ರ ಸೆಪ್ಟೆಂಬರಿನಲ್ಲಿ ಶಾಹಜಹಾನನು ಹಾಸಿಗೆ ಹಿಡಿದನು. ಸಿಂಹಾಸನದ ಸ್ಪರ್ಧೆಗೆ ಸಿದ್ಧನಾಗಬೇಕಾದ ಔರಂಗಜೇಬನು ಅಕ್ಟೋಬರಿನಲ್ಲಿ ಬಸವಕಲ್ಯಾಣದಿಂದ ಹಿಂದಿರುಗಿದನು. ಹೀಗೆ ಕೊಂಕಣದ ಕಲ್ಯಾಣವು ವಿಜಾಪುರ ಕಾಪಾಡಿಕೊಳ್ಳಲಾರದ, ಮೊಗಲರು ಬಂದು ತೆಗೆದುಕೊಳ್ಳಲಾರದ ಸ್ಥಿತಿಯಲ್ಲಿ ಕೆಲವು ವಾರ ಉಳಿಯಿತು. ಆ ಕೆಲವು ವಾರಗಳನ್ನು ಶಿವಾಜಿ ಬಳಸಿಕೊಂಡನು. ಅಕ್ಟೋಬರ್ ೨೪ರಂದು ಕಲ್ಯಾಣ ಮತ್ತು ಭಿವಂಡಿ ಅವನ ವಶವಾದವು. ೧೬೫೮ರ ಜನವರಿ ೮ರಂದು, ಇಪ್ಪತ್ತೊಂದು ವರ್ಷಗಳ ಹಿಂದೆ ಅವನ ತಂದೆ ಶರಣಾಗಿದ್ದ ಮಾಹುಲಿ ಕೋಟೆಯೂ ಅವನ ಕೈಸೇರಿತು.

ಕಲ್ಯಾಣದ ಸುಭೇದಾರನ ಸೊಸೆಯನ್ನು ಶಿವಾಜಿ ಗೌರವದಿಂದ ಮರಳಿ ಕಳುಹಿದ ಕಥೆ ಮರಾಠಿ ಜನಮಾನಸದಲ್ಲಿ ಆಳವಾಗಿ ಬೇರೂರಿದೆ. ಆ ಕಥೆಯ ಐತಿಹಾಸಿಕತೆಯ ಚರ್ಚೆ ಇಲ್ಲಿ ಅಪ್ರಸ್ತುತ. ಆದರೆ ಕಥೆಯ ಪ್ರಭೆಯಲ್ಲಿ ಒಂದು ಸರಳ ಪ್ರಶ್ನೆ ಮರೆಯಾಗಿದೆ: ಆ ದಿನ ಸುಭೇದಾರನು ಎಲ್ಲಿದ್ದನು? ಸುಲ್ತಾನನ ದೀರ್ಘ ಕಾಯಿಲೆ ಮತ್ತು ಉತ್ತರಾಧಿಕಾರದ ಗೊಂದಲಗಳಿಂದಾಗಿ ಮುಲ್ಲಾ ಅಹಮದನು ವಿಜಾಪುರದಲ್ಲಿದ್ದನು. ಅವನ ಹಕ್ಕು ಸುಲ್ತಾನನ ಕೃಪೆಯನ್ನು ಅವಲಂಬಿಸಿತ್ತಾದ್ದರಿಂದ, ಸುಲ್ತಾನನು ಬದಲಾಗುವ ವೇಳೆಯಲ್ಲಿ ರಾಜಧಾನಿಯನ್ನು ಬಿಟ್ಟು ಅವನು ಇರುವಂತಿರಲಿಲ್ಲ. ಜಹಗೀರನ್ನು ಉಳಿಸಿಕೊಳ್ಳುವ ಸಲುವಾಗಿಯೇ ಅವನು ಜಹಗೀರಿನಿಂದ ದೂರವಿರಬೇಕಾಯಿತು. ದೂರವಿದ್ದುದರಿಂದಲೇ ಅದನ್ನು ಕಳೆದುಕೊಂಡನು. ಏಕಾಧಿಪತ್ಯದ ಅಂತಸ್ಸತ್ತ್ವ ಎಷ್ಟು ದುರ್ಬಲವಾದುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಲ್ಲಿ ತೇದಿಯ ಪ್ರಶ್ನೆಯನ್ನೂ ಎತ್ತಬೇಕು. ೧೮೨೬ರಲ್ಲಿ ಪ್ರಕಟವಾದ ಗ್ರಾಂಟ್ ಡಫ್‌ನ ಮರಾಠರ ಇತಿಹಾಸದಲ್ಲಿ ಕಲ್ಯಾಣದ ವಶವು ೧೬೪೮ರ ಘಟನೆಯೆಂದು ಬಂದಿದೆ; ಆಬಾಜಿ ಸೋನದೇವನ ಹೆಸರು ಅದಕ್ಕೆ ಅಂಟಿಕೊಂಡಿದೆ. ಅದೇ ವರ್ಷ ಜಿಂಜಿಯ ಬಳಿ ಶಹಾಜಿಯ ಬಂಧನವಾದುದರಿಂದ ಎರಡನ್ನೂ ಕಾರಣ–ಕಾರ್ಯವಾಗಿ ಹೊಂದಿಸುವುದು ಸುಲಭವಾಯಿತು. ಯದುನಾಥ ಸರಕಾರರು ೧೯೧೯ರಲ್ಲಿ ತಮ್ಮ ಗ್ರಂಥದಲ್ಲಿ ೧೬೫೭ನ್ನು ಸ್ವೀಕರಿಸಿದರು. ಇದು ಒಂಬತ್ತು ವರ್ಷಗಳ ಸಣ್ಣ ವ್ಯತ್ಯಾಸವೆಂದು ಕಂಡರೂ ಅರ್ಥ ಬೇರೆಯಾಗುತ್ತದೆ. ೧೬೪೮ ಎಂದಾದರೆ ಕಲ್ಯಾಣವನ್ನು ಕಳೆದುಕೊಂಡವನು ಬಲಿಷ್ಠನಾದ ಅರಸು, ಗೆದ್ದದ್ದು ಕೇವಲ ಸಾಹಸ. ೧೬೫೭ ಎಂದಾದರೆ ಆ ಸಾಹಸಕ್ಕೆ ಒಂದು ಸಂದರ್ಭವಿದೆ. ಆ ಸಂದರ್ಭವನ್ನು ನಿರ್ಮಿಸಿದ್ದು ವಿಜಾಪುರದ ಅರಮನೆಯ ಒಂದು ಸಾವು. ಕನ್ನಡದ ಪುಸ್ತಕಗಳಲ್ಲಿ ಆ ಸಾವು ಗೋಳಗುಮ್ಮಟದ ವರ್ಣನೆಯೊಂದಿಗೆ ಮುಗಿಯುತ್ತದೆ. ಮರಾಠಿ ಪುಸ್ತಕಗಳಲ್ಲಿ ಕಲ್ಯಾಣದ ವಶ ಸ್ವರಾಜ್ಯದ ಅಧ್ಯಾಯವಾಗಿ ಆರಂಭವಾಗುತ್ತದೆ. ನಡುವಣ ಹನ್ನೊಂದು ತಿಂಗಳುಗಳು ಎರಡೂ ಪುಸ್ತಕಗಳ ನಡುವೆ ಬಿದ್ದುಹೋಗಿವೆ.

೪

ಹೊಸ ಒಡೆತನದಲ್ಲಿ ಕಲ್ಯಾಣದ ಆರ್ಥಿಕ ಸ್ವರೂಪ ಎರಡು ರೀತಿಯಲ್ಲಿ ಬದಲಾಯಿತು. ಮೊದಲನೆಯದಾಗಿ, ದೂರದ ದರಬಾರಿಗೆ ಹರಿಯುತ್ತಿದ್ದ ಉತ್ಪನ್ನವು ಸಮೀಪದ ಹೊಸ ಅಧಿಕಾರವೊಂದರ ಕೈಗೆ ನೇರವಾಗಿ ಬಂದಿತು. ಎರಡನೆಯದಾಗಿ, ವ್ಯಾಪಾರದ ಬಂದರು ನೌಕಾನಿರ್ಮಾಣದ ತಾಣವಾಯಿತು. ಶಹಾಜಿಯ ಮಗನು ವಸಾಯಿ ಮತ್ತು ಚೌಲದ ನೆರೆಯ ಸೀಮೆಗಳನ್ನು ವಶಪಡಿಸಿಕೊಂಡು ಕಲ್ಯಾಣ, ಭಿವಂಡಿ, ಪನ್ವೇಲುಗಳಲ್ಲಿ ಯುದ್ಧನೌಕೆಗಳನ್ನು ಕಟ್ಟಿಸುತ್ತಿದ್ದಾನೆಂದು ೧೬೫೯ರಲ್ಲಿ ಗೋವೆಯ ಪೋರ್ಚುಗೀಸ್ ಅಧಿಕಾರಿಗಳು ತಮ್ಮ ದೊರೆಗೆ ವರದಿ ಮಾಡಿದರು. ಅಲ್ಲಿ ದುಡಿಯುತ್ತಿದ್ದ ಪೋರ್ಚುಗೀಸ್ ಕುಶಲಕರ್ಮಿಗಳನ್ನು ಅವರು ಹಿಂದಕ್ಕೆ ಸೆಳೆದುಕೊಂಡರು. ಇಂದು ನವಿಮುಂಬಯಿಯ ಅಂಚಿನಲ್ಲಿರುವ ಪನ್ವೇಲಿನಿಂದ ಕಲ್ಯಾಣದವರೆಗಿನ ಖಾಡಿಯ ತೀರ ಮರಾಠಾ ನೌಕಾಬಲದ ತೊಟ್ಟಿಲಾಯಿತು. ಘಟ್ಟದ ತೇಗ, ಖಾಡಿಯ ಆಳ, ಒಳನಾಡಿನ ದಾರಿ, ಈ ಮೂರೂ ಒಂದೆಡೆ ಕೂಡಿದ ಸ್ಥಳ ಅದಾಗಿತ್ತು.

ಖಾಡಿಯ ಪಡುವಣ ದಡದ ಠಾಣೆ ಸಾಷ್ಟಿ ದ್ವೀಪದಲ್ಲಿದ್ದು ಪೋರ್ಚುಗೀಸರ ಅಧೀನವಾಗಿತ್ತು. ಅದು ೧೭೩೭ರವರೆಗೂ ಹಾಗೆಯೇ ಉಳಿಯಿತು. ಕಲ್ಯಾಣದ ದೋಣಿಗಳು ಸಮುದ್ರ ಸೇರಬೇಕಾದರೆ ಠಾಣೆಯ ಕಣ್ಣಿಗೆ ಬೀಳಲೇಬೇಕು. ಆದ್ದರಿಂದ ಖಾಡಿಯು ಎರಡು ಅಧಿಕಾರಗಳ ಸುಂಕದ ಗಡಿಯೂ ಆಗಿತ್ತು. ಡೊಂಬಿವಲಿಯಂಥ ಹಳ್ಳಿಗಳು ಈ ಗಡಿಯ ಕಲ್ಯಾಣದ ಮಗ್ಗುಲಲ್ಲಿದ್ದವು.

ಹಳ್ಳಿಯ ಮಟ್ಟದಲ್ಲಿ ಬದಲಾವಣೆಯ ಸ್ವರೂಪ ಬೇರೆ. ದೇಶಮುಖ, ದೇಶಪಾಂಡೆ, ಪಾಟೀಲ, ಕುಲಕರ್ಣಿಗಳ ವತನಗಳು ಸುಲ್ತಾನನ ದೇಹದೊಂದಿಗೆ ಅಳಿಯುವಂಥವಲ್ಲ. ಹೊಸ ಅರಸು ಬಂದಾಗ ಹಳೆಯ ಪತ್ರವನ್ನು ತೋರಿಸಿ ಹೊಸ ಮುದ್ರೆಯನ್ನು ಪಡೆಯುವುದು ದಖ್ಖನದ ರೂಢಿ. ವಿಜಾಪುರ ಸೀಮೆಯ ನಾಡಗೌಡ, ದೇಸಾಯಿ, ಶಾನುಭೋಗರ ಮನೆಗಳಲ್ಲಿ ಉಳಿದುಬಂದ ಕಾಗದಗಳೂ ಇದನ್ನೇ ಹೇಳುತ್ತವೆ. ಮೊದಲನೆಯ ಇಬ್ರಾಹಿಮನ ಕಾಲದಲ್ಲಿಯೇ ವಿಜಾಪುರದ ಲೆಕ್ಕಪತ್ರಗಳು ಪಾರಸಿಯಿಂದ ದೇಶಭಾಷೆಗೆ ತಿರುಗಿ ಸ್ಥಳೀಯ ಬ್ರಾಹ್ಮಣ ಲೆಕ್ಕಿಗರ ಕೈಗೆ ಬಂದಿದ್ದವು. ಜಹಗೀರುದಾರನ ಹಕ್ಕು ವ್ಯಕ್ತಿಯಲ್ಲಿತ್ತು, ವತನದಾರನ ಹಕ್ಕು ಕಾಗದದಲ್ಲಿತ್ತು. ಮರಣವು ಮೊದಲನೆಯದನ್ನು ಅಲುಗಾಡಿಸಿತು, ಎರಡನೆಯದು ಮುದ್ರೆ ಬದಲಿಸಿಕೊಂಡು ಮುಂದುವರಿಯಿತು.

ಕೇಂದ್ರದಲ್ಲಿ ಬಿಕ್ಕಟ್ಟು ಬೇಗನೆ ಶಮನವಾಗಲಿಲ್ಲ. ಔರಂಗಜೇಬನೊಂದಿಗೆ ಒಳಸಂಚಿನಲ್ಲಿದ್ದನೆಂಬ ಶಂಕೆಯ ಮೇಲೆ ವಜೀರ ಖಾನ್ ಮುಹಮ್ಮದನನ್ನು ೧೬೫೭ರ ನವೆಂಬರಿನಲ್ಲಿ ಕೊಲ್ಲಲಾಯಿತು. ಕರ್ನಾಟಕದ ಪಾಳೆಯಗಾರರು ಕಳೆದುಕೊಂಡ ನೆಲವನ್ನು ಮರಳಿ ಹಿಡಿಯತೊಡಗಿದರು. ೧೬೫೯ರ ನವೆಂಬರಿನಲ್ಲಿ ಪ್ರತಾಪಗಡದ ಬುಡದಲ್ಲಿ ಅಫಜಲಖಾನನು ಹತನಾದನು. ಕಲ್ಯಾಣವನ್ನು ಕಳೆದುಕೊಂಡ ಮುಲ್ಲಾ ಅಹಮದನು ೧೬೬೫ರಲ್ಲಿ ಸ್ವತಃ ಮೊಗಲರ ಪಕ್ಷ ಸೇರಿ, ದರಬಾರಿಗೆ ಹೋಗುವ ದಾರಿಯಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡನು. ತಂದೆಯ ಗೋಳಗುಮ್ಮಟವನ್ನೂ ಮೀರಿಸಬೇಕೆಂದು ಎರಡನೆಯ ಅಲಿ ಆರಂಭಿಸಿದ ಸಮಾಧಿ ಬಾರಾಕಮಾನ್ ಇಂದಿಗೂ ಬರಿಯ ಕಮಾನುಗಳ ಸಾಲಾಗಿ ನಿಂತಿದೆ. ಹಿಂದಿನ ಸುಲ್ತಾನನ ಕಾಲದಲ್ಲಿ ಕೂಡಿಬಂದ ಕಪ್ಪಕಾಣಿಕೆಗಳು ಮಗನ ಕಾಲದಲ್ಲಿ ಕೂಡಿಬರಲಿಲ್ಲವೆಂಬುದಕ್ಕೆ ಆ ಅಪೂರ್ಣ ಕಟ್ಟಡವೂ ಒಂದು ಸಾಕ್ಷಿಯೆಂದು ನಾವು ತಿಳಿಯುತ್ತೇವೆ.

೫

ಇನ್ನು ಪಡುವಣ ದಡದ ಕಡೆಗೆ ತಿರುಗೋಣ. ಶಿವಾಜಿ ಕಲ್ಯಾಣವನ್ನು ಹಿಡಿದ ೧೬೫೭ರ ಅಕ್ಟೋಬರಿನಲ್ಲಿಯೇ ಲಂಡನ್ನಿನಲ್ಲಿ ಕ್ರಾಮ್ವೆಲ್ಲನು ಈಸ್ಟ್ ಇಂಡಿಯಾ ಕಂಪನಿಗೆ ಹೊಸ ಸನ್ನದನ್ನು ನೀಡಿದನು. ಸುರತದ ಇಂಗ್ಲಿಷ್ ವರ್ತಕರು ಆ ದಶಕದ ಆರಂಭದಿಂದಲೇ ಮುಂಬಯಿಯನ್ನು ಕೊಳ್ಳಬೇಕೆಂದು ಒತ್ತಾಯಿಸುತ್ತಿದ್ದರು; ಕಂಪನಿಯ ನಿರ್ದೇಶಕರು ಇದನ್ನು ಕ್ರಾಮ್ವೆಲ್ಲನ ಗಮನಕ್ಕೂ ತಂದಿದ್ದರು. ಅವನ ಜೀವಿತಕಾಲದಲ್ಲಿ ಅದು ಕೈಗೂಡಲಿಲ್ಲ. ಅವನು ೧೬೫೮ರಲ್ಲಿ ಸತ್ತನು. ಮಗ ರಿಚರ್ಡನು ಒಂದು ವರ್ಷವೂ ಪೂರ್ತಿಯಾಗಿ ಅಧಿಕಾರ ಹಿಡಿದು ನಿಲ್ಲಲಿಲ್ಲ. ೧೬೬೦ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದನು. ೧೬೪೦ರಲ್ಲಿ ಸ್ಪೇನಿನ ಹಿಡಿತದಿಂದ ಬಿಡಿಸಿಕೊಂ‌ಡಿದ್ದ ಪೋರ್ಚುಗಲ್ಲಿಗೆ ಯೂರೋಪಿನಲ್ಲಿ ಆಸರೆ ಬೇಕಾಗಿತ್ತು. ಪೂರ್ವದಲ್ಲಿ ಅದರ ನೆಲೆಗಳು ಒಂದೊಂದಾಗಿ ಕುಸಿಯುತ್ತಿದ್ದವು. ೧೬೫೬ರಲ್ಲಿ ಕೊಲಂಬೊ ಡಚ್ಚರ ಪಾಲಾಯಿತು. ಅದಕ್ಕೆ ಮುಂಚೆಯೇ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಪೋರ್ಚುಗೀಸರನ್ನು ಹೊರದೂಡಿದ್ದನು. ಈ ಅಸಹಾಯಕತೆಯ ಫಲವಾಗಿ ೧೬೬೧ರ ವಿವಾಹ ಒಪ್ಪಂದದಲ್ಲಿ ಮುಂಬಯಿ ದ್ವೀಪ ಇಂಗ್ಲೆಂಡಿನ ಅರಸನಿಗೆ ಬಳುವಳಿಯಾಗಿ ಸಂದಿತು. ೧೬೬೫ರಲ್ಲಿ ಅದು ಇಂಗ್ಲಿಷರ ಕೈಸೇರಿ, ೧೬೬೮ರಲ್ಲಿ ವರ್ಷಕ್ಕೆ ಹತ್ತು ಪೌಂಡುಗಳ ಗೇಣಿಗೆ ಕಂಪನಿಗೆ ವರ್ಗವಾಯಿತು.

ಇಲ್ಲಿ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಕ್ರಾಮ್ವೆಲ್ಲನ ಶವವನ್ನು ಹೊಸ ಅರಸನ ಕಾಲದಲ್ಲಿ ಸಮಾಧಿಯಿಂದ ಹೊರತೆಗೆದು ಅವಮಾನಿಸಲಾಯಿತು. ಆದರೆ ಅವನಿಂದ ಸನ್ನದು ಪಡೆದ ಕಂಪನಿ ೧೬೬೧ರಲ್ಲಿ ಅದೇ ಹೊಸ ಅರಸನಿಂದ ಹೊಸ ಸನ್ನದು ಪಡೆದು ತನ್ನ ವ್ಯಾಪಾರವನ್ನು ಮುಂದುವರಿಸಿತು. ಒಡೆಯನು ಬದಲಾದಾಗ ಕಾಗದವನ್ನು ಬದಲಿಸಿಕೊಳ್ಳುವ ಶಕ್ತಿ ಆ ಸಂಸ್ಥೆಗಿತ್ತು. ಈ ದೃಷ್ಟಿಯಿಂದ ಲಂಡನ್ನಿನ ಕಂಪನಿಗೂ ಕೊಂಕಣದ ಕುಲಕರ್ಣಿಗೂ ಇರುವ ಸಾಮ್ಯ ವಿಲಕ್ಷಣವೆನಿಸಿದರೂ ನಿಜವಾದುದು.

೬

ಹಾಗಾದರೆ ನಷ್ಟಕ್ಕೆ ಗುರಿಯಾದವರು ಯಾರು? ಕಾಗದವೂ ಇಲ್ಲದ, ಕತ್ತಿಯೂ ಇಲ್ಲದ ಕಲ್ಯಾಣದ ಬಂದರಿನ ಜನ. ೧೬೫೭ರಲ್ಲಿ ಶಿವಾಜಿಯ ವಶವಾದ ಊರು ೧೬೬೧ರಲ್ಲಿ ಮೊಗಲರಿಗೆ ಸೇರಿತು, ೧೬೭೦ರಲ್ಲಿ ಮತ್ತೆ ಶಿವಾಜಿಗೆ ಮರಳಿತು. ಪೋರ್ಚುಗೀಸರ ದಾಳಿಗಳೂ ತಪ್ಪಲಿಲ್ಲ. ಹದಿಮೂರು ವರ್ಷಗಳಲ್ಲಿ ಮೂರು ಸಲ ಒಡೆತನ ಬದಲಾದ ಊರಿನಲ್ಲಿ ಸುಂಕ ಯಾರಿಗೆ ಸಲ್ಲಬೇಕೆಂಬುದೇ ಅನಿಶ್ಚಿತ. ಸರಕನ್ನು ಗೋದಾಮಿನಲ್ಲಿ ಇಡುವುದೇ ಅಪಾಯಕರ. ೧೬೭೫ರಲ್ಲಿ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ ಮುಂಬಯಿಯಿಂದ ಹೊರಟು ಠಾಣೆಯ ಮೂಲಕ ಕಲ್ಯಾಣಕ್ಕೆ ಬಂದು, ಅಲ್ಲಿಂದ ಜುನ್ನರಿಗೆ ಹೋದನು. ಒಂದು ಕಾಲಕ್ಕೆ ವೈಭವದ ವ್ಯಾಪಾರಕೇಂದ್ರವಾಗಿದ್ದ ಊರಿನ ಭವ್ಯವಾದ ಅವಶೇಷಗಳನ್ನು ಅವನು ಕಂಡುದಾಗಿ ಬರೆದಿದ್ದಾನೆ. ಮುಹಮ್ಮದ್ ಆದಿಲ್‌ಶಾಹನು ಸತ್ತು ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ.

ಅದೇ ಫ್ರೈಯರ್ ಮುಂಬಯಿಯ ಜನಸಂಖ್ಯೆ ಪೋರ್ಚುಗೀಸರ ಕಾಲಕ್ಕಿಂತ ಐವತ್ತು ಸಾವಿರದಷ್ಟು ಏರಿ ಅರವತ್ತು ಸಾವಿರವಾಗಿದೆ ಎನ್ನುತ್ತಾನೆ. ಇದರಲ್ಲಿ ಅತಿಶಯೋಕ್ತಿಯ ಅಂಶ ಇರಬಹುದು. ಆದರೆ ಬೆಳವಣಿಗೆಯ ದಿಕ್ಕಿನ ಬಗ್ಗೆ ಸಂಶಯವಿಲ್ಲ. ಠಾಣೆ ಮತ್ತು ಕರಂಜಾಗಳಲ್ಲಿ ಪೋರ್ಚುಗೀಸರು ಹೇರುತ್ತಿದ್ದ ಸುಂಕ ಇಂಗ್ಲಿಷರ ನಿರಂತರ ದೂರಾಗಿತ್ತು. ಹೀಗಿದ್ದೂ ವರ್ತಕರು ದ್ವೀಪದತ್ತ ಸರಿದರು. ಇದಕ್ಕೆ ಕಾರಣಗಳನ್ನು ಹುಡುಕುವಾಗ ಗವರ್ನರ್ ಜೆರಾಲ್ಡ್ ಆಂಜಿಯರನ (೧೬೬೯–೧೬೭೭) ಕಾಲದ ಎರಡು ದಾಖಲೆಗಳು ಗಮನಾರ್ಹ. ಒಂದು, ಭೂಮಿಯ ಹಕ್ಕುಗಳ ಬಗ್ಗೆ ೧೬೭೨ರಲ್ಲಿ ದ್ವೀಪದ ನಿವಾಸಿಗಳೊಂದಿಗೆ ಮಾಡಿಕೊಂಡ ಒಡಂಬಡಿಕೆ. ಮತ್ತೊಂದು, ದೀವ್‌ನ ವರ್ತಕ ನೀಮಾ ಪಾರಖನಿಗೆ ೧೬೭೭ರಲ್ಲಿ ಲಿಖಿತವಾಗಿ ಕೊಟ್ಟ ಭರವಸೆ. ತನ್ನ ಧರ್ಮಾಚರಣೆಗೆ ಅಡ್ಡಿಯಾಗದು ಎಂಬುದನ್ನು ಆ ವರ್ತಕನು ಬಾಯಿಮಾತಿನಲ್ಲಿ ಕೇಳಲಿಲ್ಲ, ಬರಹದಲ್ಲಿ ಕೇಳಿದನು. ಅರಸರು ಬರುತ್ತಾರೆ ಹೋಗುತ್ತಾರೆ ಎಂಬುದು ಪಶ್ಚಿಮ ಕರಾವಳಿಯ ವರ್ತಕನಿಗೆ ಅನುಭವದಿಂದ ತಿಳಿದಿತ್ತು.

ಇದರಿಂದ ಕಂಪನಿಯನ್ನು ಹೊಗಳುವ ನಿರ್ಣಯಕ್ಕೆ ಬರಬೇಕಾಗಿಲ್ಲ. ವ್ಯಕ್ತಿಯನ್ನು ಮೀರಿ ಬಾಳುವ ಸಂಸ್ಥೆಗೆ ವ್ಯಕ್ತಿಗಿಂತ ದೀರ್ಘವಾದ ಹಸಿವೂ ಇರುತ್ತದೆ. ಮುಂದಿನ ಎರಡು ಶತಮಾನಗಳು ಅದನ್ನು ತೋರಿಸಿಕೊಟ್ಟವು. ಶಿವಾಜಿಯ ರಾಜ್ಯವನ್ನೂ ಇದೇ ಒರೆಗಲ್ಲಿಗೆ ಹಚ್ಚಬಹುದು. ೧೬೮೦ರಲ್ಲಿ ಅವನು ತೀರಿಕೊಂಡಾಗ ಉತ್ತರಾಧಿಕಾರದ ಕಲಹ ಅಲ್ಲಿಯೂ ತಪ್ಪಲಿಲ್ಲ. ಆದರೆ ೧೬೮೯ರಲ್ಲಿ ಸಂಭಾಜಿಯ ವಧೆಯಾದ ಮೇಲೆಯೂ ಆ ರಾಜ್ಯ ಸಂಪೂರ್ಣವಾಗಿ ಅಳಿಯಲಿಲ್ಲ. ಅದಕ್ಕೆ ಮೂರು ವರ್ಷ ಮೊದಲೇ, ೧೬೮೬ರಲ್ಲಿ, ವಿಜಾಪುರ ಅಳಿದುಹೋಗಿತ್ತು. ನಮ್ಮ ಕೆಳದಿಯಲ್ಲಿ ಶಿವಪ್ಪನಾಯಕನು ೧೬೬೦ರಲ್ಲಿ ತೀರಿಕೊಂಡರೂ ಭೂಕಂದಾಯದ ಅವನ ‘ಶಿಸ್ತು’ ಅವನೊಂದಿಗೆ ಸಾಯಲಿಲ್ಲ. ಅರಸನ ಹೆಸರಿಗಿಂತ ಅವನು ಬರೆಯಿಸಿದ ಲೆಕ್ಕ ಹೆಚ್ಚು ಕಾಲ ಬಾಳಿದ ನಿದರ್ಶನ ಅದು.

೭

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿಲುವು ಇಷ್ಟು. ಏಕಾಧಿಪತಿಯ ಮರಣ ತಾನಾಗಿ ಏನನ್ನೂ ಬದಲಿಸುವುದಿಲ್ಲ. ಅವನ ದೇಹಕ್ಕೆ ಕಟ್ಟಿಕೊಂಡಿದ್ದ ಹಕ್ಕುಗಳನ್ನು ಅದು ಕಳಚುತ್ತದೆ. ಹಕ್ಕನ್ನು ಬರಹದಲ್ಲಿ, ವತನದಲ್ಲಿ, ಸಂಸ್ಥೆಯಲ್ಲಿ ಇರಿಸಿಕೊಂಡವರು ಹೊಸ ಕಾಲಕ್ಕೆ ದಾಟುತ್ತಾರೆ. ಕೃಪೆಯನ್ನು ನೆಚ್ಚಿದ ಸರದಾರನು ಜಹಗೀರು ಕಳೆದುಕೊಳ್ಳುತ್ತಾನೆ. ಯಾವುದನ್ನೂ ನೆಚ್ಚಲಾಗದ ಬಂದರಿನ ಹಮಾಲ, ಬಡಗಿ, ಸಣ್ಣ ವ್ಯಾಪಾರಿಗಳು ಊರನ್ನೇ ಕಳೆದುಕೊಳ್ಳುತ್ತಾರೆ. ಕಲ್ಯಾಣದ ಪತನ ಮತ್ತು ಮುಂಬಯಿಯ ಉದಯಗಳನ್ನು ಎರಡು ಪ್ರತ್ಯೇಕ ಕಥೆಗಳಾಗಿ ಓದುತ್ತಿರುವವರೆಗೆ ಈ ಸತ್ಯ ಕಣ್ಣಿಗೆ ಬೀಳುವುದಿಲ್ಲ.

ಇಂದು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ, ೧೯೭೦ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪನೆಯಾದ ಬಳಿಕ ಬೆಳೆದ ನವಿಮುಂಬಯಿಯಲ್ಲಿ, ದೊಡ್ಡ ಸಂಖ್ಯೆಯ ಕನ್ನಡಿಗರು ನೆಲೆಸಿದ್ದಾರೆ. ಕರಾವಳಿಯಿಂದ ಹೋಟೆಲು ಉದ್ಯಮಕ್ಕೆ ಬಂದವರಿದ್ದಾರೆ. ವಿಜಯಪುರ, ಕಲಬುರ್ಗಿ ಸೀಮೆಗಳಿಂದ ಕೂಲಿಗಾಗಿ ಬಂದವರಿದ್ದಾರೆ. ತಾವು ಈ ನೆಲಕ್ಕೆ ಹೊಸಬರೆಂದು ಅವರು ಭಾವಿಸುವುದು ಸರಿಯೇ ಆಗಿದೆ. ಇಪ್ಪತ್ತು ವರ್ಷಗಳ ಆದಿಲ್‌ಶಾಹಿ ಆಡಳಿತವನ್ನು ಮುಂದೊಡ್ಡಿ ಹಕ್ಕು ಸಾಧಿಸುವ ಇತಿಹಾಸಲೇಖನ ನಮಗೆ ಬೇಕಾಗಿಲ್ಲ. ಬೇಕಾಗಿರುವುದು ಹೊರನಾಡಿನ ಕನ್ನಡ ಸಂಶೋಧಕನಿಗೆ ಮಾತ್ರ ಸಾಧ್ಯವಾಗುವ ಒಂದು ಓದು. ಆದಿಲ್‌ಶಾಹಿ ಆಡಳಿತದಲ್ಲಿ ದುಡಿದು ಬಳಿಕ ಹರಿದಾಸರಾದ ಕಾಖಂಡಕಿಯ ಮಹೀಪತಿದಾಸರು ಕನ್ನಡ, ಮರಾಠಿ ಮತ್ತು ದಖನಿಗಳಲ್ಲಿ ಹಾಡಿದರು. ಅವರ ಕಾಲದ ಲೆಕ್ಕಿಗನೊಬ್ಬನಿಗೆ ಈ ಮೂರು ಭಾಷೆಗಳೂ ದಿನನಿತ್ಯದ ವ್ಯವಹಾರವಾಗಿದ್ದವು. ಮೋಡಿ ಲಿಪಿಯ ವತನಪತ್ರ, ಪಾರಸಿಯ ಫರ್ಮಾನು, ಪೋರ್ಚುಗೀಸ್ ಪತ್ರ, ಕನ್ನಡದ ಕಡತ ಮತ್ತು ಸಾಂಗತ್ಯ ಕಾವ್ಯಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಓದಬಲ್ಲವನು ಆ ಲೆಕ್ಕಿಗನ ನಿಜವಾದ ವಾರಸುದಾರ.

ಬೀದರಿನ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಅರಸನ ಕೊಲೆಯಾದ ಮೇಲೆ ನಾಡು ಏನಾಯಿತೆಂಬುದನ್ನು ನಾವು ಎಂಟು ನೂರು ವರ್ಷಗಳಿಂದ ಕಾವ್ಯ, ಪುರಾಣ, ನಾಟಕಗಳಲ್ಲಿ ಕೇಳಿಕೊಳ್ಳುತ್ತ ಬಂದಿದ್ದೇವೆ. ಕೊಂಕಣದ ಕಲ್ಯಾಣದ ಬಗ್ಗೆಯೂ ಅದೇ ಪ್ರಶ್ನೆಯನ್ನು ಕೇಳುವುದಕ್ಕೆ ಇದು ತಕ್ಕ ಸಮಯ. ಅದಕ್ಕೆ ಉತ್ತರ ಹುಡುಕಬೇಕಾದ ಕಾಗದಗಳು ಈ ನಾಡಿನ ಪತ್ರಾಗಾರಗಳಲ್ಲಿವೆ. ಅವುಗಳನ್ನು ವಿಜಾಪುರದ ಕಡೆಯಿಂದಲೂ ಓದಬಲ್ಲ ಕನ್ನಡಿಗರು ಖಾಡಿಯ ಎರಡೂ ದಡಗಳಲ್ಲಿ ನೆಲೆಸಿದ್ದಾರೆ.